ಜಪಾನಿ ಅಕ್ಷರ ಬೈಟ್ ಆಗುವುದು ಹೇಗೆ? ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ

ಹಳೆಯ ಜಪಾನಿ ಕಡತವೊಂದನ್ನು ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಕಡತ ಕೆಟ್ಟಿರುವುದಿಲ್ಲ. ಒಂದು ನಿಯಮದಲ್ಲಿ ಬರೆದದ್ದನ್ನು ಇನ್ನೊಂದು ನಿಯಮದಲ್ಲಿ ಓದಲಾಗಿರುತ್ತದೆ. ಅಕ್ಷರಕ್ಕೆ ಸಿಕ್ಕ ಸಂಖ್ಯೆ ಬೇರೆ, ಆ ಸಂಖ್ಯೆಯನ್ನು ಬೈಟುಗಳಾಗಿ, ಅಂದರೆ ಕಂಪ್ಯೂಟರು ಮಾಹಿತಿ ಹಿಡಿದಿಡುವ ಪುಟ್ಟ ಘಟಕಗಳಾಗಿ, ಬರೆದಿಡುವ ಕ್ರಮ ಬೇರೆ. ಈ ಭೇದ ಮನದಟ್ಟಾಗಲು ಪೆನ್ನು, ಕಾಗದ ಸಾಕು. ಜಪಾನಿನ ಧ್ವನಿಲಿಪಿಗಳಲ್ಲಿ ಒಂದಾದ ಹಿರಗಾನದ ‘ಅ’ ಅಕ್ಷರವನ್ನೇ ತೆಗೆದುಕೊಳ್ಳೋಣ.

ಮೊದಲು ಮನೆ ಹುಡುಕಿ

ಒಂದು ಬೈಟಿನಲ್ಲಿ 256 ಬೆಲೆಗಳಷ್ಟೇ ಹಿಡಿಯುತ್ತವೆ. ಜಪಾನಿನಲ್ಲಿ ನಿತ್ಯಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವ ಕಾಂಜಿಗಳೇ (ಚೀನಾ ಮೂಲದ ಲಿಪಿಚಿಹ್ನೆಗಳು) 2,136. ಹೀಗಾಗಿ 1978ರ ಜಪಾನಿ ಕೈಗಾರಿಕಾ ಮಾನಕವು 94 ಸಾಲು, ಸಾಲಿಗೆ 94 ಮನೆಗಳ ಕೋಷ್ಟಕವನ್ನು ಹಾಕಿಕೊಟ್ಟಿತು. ನಮ್ಮ ‘ಅ’ ಇರುವುದು 4ನೇ ಸಾಲಿನ 2ನೇ ಮನೆಯಲ್ಲಿ.

ಮನೆಯನ್ನು ಬೈಟು ಮಾಡಿ

ಯುನಿಕ್ಸ್ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಇಯುಸಿ ಕ್ರಮ ಸುಲಭ: ಎರಡೂ ಸಂಖ್ಯೆಗಳಿಗೆ 160 ಕೂಡಿಸಿ. 164, 162 ಬರುತ್ತದೆ.

ಪರ್ಸನಲ್ ಕಂಪ್ಯೂಟರುಗಳ ಶಿಫ್ಟ್ ಜಿಸ್ ಕ್ರಮಕ್ಕೆ ಅಷ್ಟು ಜಾಗವಿರಲಿಲ್ಲ. 161ರಿಂದ 223ರವರೆಗಿನ ಬೆಲೆಗಳನ್ನು ಜಪಾನಿನ ಇನ್ನೊಂದು ಧ್ವನಿಲಿಪಿಯಾದ ಕಟಕಾನದ, ಒಂದೇ ಬೈಟಿನ ಹಳೆಯ ಅಕ್ಷರಗಳು ಆಗಲೇ ಹಿಡಿದಿದ್ದವು. ಆದ್ದರಿಂದ ಮೊದಲ ಬೈಟು ಎರಡೆರಡು ಸಾಲುಗಳನ್ನು ಹೊರಬೇಕಾಯಿತು. ಸಾಲಿನ ಸಂಖ್ಯೆಯಿಂದ 1 ಕಳೆದು, 2ರಿಂದ ಭಾಗಿಸಿ, ಶೇಷ ಬಿಟ್ಟು 129 ಕೂಡಿಸಿ: 130. ಸಮ ಸಾಲಾದ್ದರಿಂದ ಮನೆಯ ಸಂಖ್ಯೆಗೆ 158 ಕೂಡಿಸಿ: 160.

ಈ ಇಕ್ಕಟ್ಟಿಗೆ ತೆತ್ತ ಬೆಲೆ ಸಣ್ಣದಲ್ಲ. ಕಟಕಾನದ ‘ಸೊ’ 5ನೇ ಸಾಲಿನ 29ನೇ ಮನೆಯಲ್ಲಿದೆ. ಬೆಸ ಸಾಲಿನಲ್ಲಿ, 63ನೇ ಮನೆಯವರೆಗೆ, 63 ಕೂಡಿಸಬೇಕು. ಹಾಗಾಗಿ ‘ಸೊ’ 131, 92 ಆಗುತ್ತದೆ. ಇಂಗ್ಲಿಷ್ ಸಂಕೇತಪಟ್ಟಿಯಲ್ಲಿ 92 ಎಂದರೆ ಹಿಂದಕ್ಕೆ ವಾಲಿದ ಗೆರೆ. ಪ್ರೋಗ್ರಾಂಗಳಲ್ಲಿ ಅದಕ್ಕೆ ವಿಶೇಷ ಅರ್ಥವಿದೆ. ಜಪಾನಿ ಬರಹದ ಪರಿಚಯವಿಲ್ಲದ ತಂತ್ರಾಂಶ ಅಕ್ಷರದ ಅರ್ಧವನ್ನೇ ಆಜ್ಞೆಯೆಂದು ತಿಳಿದು ಪದವನ್ನು ತುಂಡರಿಸುತ್ತಿತ್ತು. ‘ಸೊ’ ಇರುವ ‘ಸಾಫ್ಟ್‌ವೇರ್’ ಎಂಬ ಜಪಾನಿ ಬರಹವೇ ಹೀಗೆ ಮುರಿಯಬಹುದಿತ್ತು!

ಈಗ ಯೂನಿಕೋಡ್

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೇ ಪಟ್ಟಿಯಲ್ಲಿ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಹಿರಗಾನ ‘ಅ’ದ ಸಂಖ್ಯೆ 12354. ಇದನ್ನು ಬರೆದಿಡುವ ಯುಟಿಎಫ್-8 ಕ್ರಮವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. 12354ನ್ನು 4096ರಿಂದ ಭಾಗಿಸಿ: ಭಾಗಲಬ್ಧ 3, ಶೇಷ 66. ಆ 66ನ್ನು 64ರಿಂದ ಭಾಗಿಸಿ: ಭಾಗಲಬ್ಧ 1, ಶೇಷ 2. ಸಿಕ್ಕ 3, 1, 2ಕ್ಕೆ ಕ್ರಮವಾಗಿ 224, 128, 128 ಕೂಡಿಸಿ. 227, 129, 130: ಇವೇ ಆ ಅಕ್ಷರದ ಮೂರು ಬೈಟುಗಳು.

ಕನ್ನಡದ ‘ಅ’ದ ಸಂಖ್ಯೆ 3205. ಅದೇ ಲೆಕ್ಕ ಮಾಡಿದರೆ 224, 178, 133 ಬರುತ್ತದೆ. ನಮ್ಮ ಲಿಪಿಗೂ ಜಪಾನಿನ ಲಿಪಿಗೂ ಒಂದೇ ನಿಯಮ ಅನ್ವಯಿಸುತ್ತದೆ, ಒಂದೇ ಕಡತದಲ್ಲಿ ಎರಡೂ ಒಟ್ಟಿಗೆ ಇರಬಹುದು. ಹಳೆಯ ಜಪಾನಿ ಕ್ರಮಗಳಲ್ಲಿ ಅದು ಸಾಧ್ಯವಿರಲಿಲ್ಲ. ಇನ್ನೂ ಒಂದು ಮಾತು: ಯುಟಿಎಫ್-8ರಲ್ಲಿ ಇಂಥ ಅಕ್ಷರಗಳ ಪ್ರತಿ ಬೈಟೂ 128 ಅಥವಾ ಹೆಚ್ಚು. 92 ನುಸುಳುವ ಪ್ರಶ್ನೆಯೇ ಇಲ್ಲ. ಇದು ನನಗೆ ಬಹಳ ಮೆಚ್ಚುಗೆಯಾದ ಗುಣ.

ಹಿರಗಾನದ ‘ಗ’ದಂಥ ಅಕ್ಷರಗಳಲ್ಲಿ ಮಾತ್ರ ಎಚ್ಚರ ಬೇಕು. ಅದನ್ನು 12364 ಎಂದು ಒಂದೇ ಸಂಖ್ಯೆಯಾಗಿ ಬರೆಯಬಹುದು, ಇಲ್ಲವೇ ‘ಕ’ದ 12363ರ ಮುಂದೆ ಘೋಷಚಿಹ್ನೆಯ 12441 ಸೇರಿಸಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟದಲ್ಲಿ ಬೇರೆಯಾಗಬಹುದು.

ಗೋಜಲಾದ ಕಡತ ಬಂದರೆ

ಅದನ್ನು ಹಾಗೆಯೇ ಸೇವ್ ಮಾಡಬೇಡಿ. ಬೈಟುಗಳನ್ನು ತೋರಿಸುವ ಎಡಿಟರಿನಲ್ಲಿ ತೆರೆಯಿರಿ. ವಿಭಕ್ತಿಗೂ ಕ್ರಿಯಾಪದದ ಕೊನೆಗೂ ಹಿರಗಾನ ಬೇಕಾಗುವುದರಿಂದ ಅದಿಲ್ಲದ ಜಪಾನಿ ಬರಹ ಅಪರೂಪ. 227 ಪದೇ ಪದೇ ಕಂಡರೆ ಯುಟಿಎಫ್-8. ಅದಿಲ್ಲದೆ 130, 131 ಹೆಚ್ಚಿದ್ದರೆ ಶಿಫ್ಟ್ ಜಿಸ್. 164, 165 ಹೆಚ್ಚಿದ್ದರೆ ಇಯುಸಿ. ಆ ಕ್ರಮವನ್ನು ಆಯ್ದು ಮತ್ತೆ ತೆರೆಯಿರಿ, ಬರಹ ಸರಿಯಾಗಿ ಕಂಡ ಮೇಲೆ ಯುಟಿಎಫ್-8ರಲ್ಲಿ ಬೇರೆ ಹೆಸರಿನಿಂದ ಉಳಿಸಿ.