ಆಟದ ವೇಗಕ್ಕೆ ಡೇಟಾಕ್ಕಿಂತ ಪಿಂಗ್ ಮುಖ್ಯ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಿಂದ ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ನಂತಹ ಆನ್‌ಲೈನ್ ಮೊಬೈಲ್ ಆಟಗಳನ್ನು ಆಡುವ ನಮ್ಮ ಬಳಗದ ಸದಸ್ಯರು ದುಬಾರಿ ಇಂಟರ್ನೆಟ್ ಯೋಜನೆಗೆ ಹಣ ಹಾಕುವ ಮೊದಲು ಪಿಂಗ್ ಗಮನಿಸಬೇಕೆಂದು ನನ್ನ ವಿನಂತಿ. ಆಟ ನಡೆಯುವಾಗ ಖರ್ಚಾಗುವ ಡೇಟಾ ಬಹಳ ಕಡಿಮೆ. ನಮ್ಮ ಬೆರಳಿನ ಆಜ್ಞೆ ಸರ್ವರನ್ನು (ಆಟ ನಡೆಸುವ ದೂರದ ಕಂಪ್ಯೂಟರನ್ನು) ತಲುಪಿ ಉತ್ತರ ಮರಳಲು ಹಿಡಿಯುವ ಮಿಲಿಸೆಕೆಂಡುಗಳೇ ಸೋಲುಗೆಲುವನ್ನು ನಿರ್ಧರಿಸುತ್ತವೆ; ಇದನ್ನೇ ಪಿಂಗ್ ಎನ್ನುವುದು. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಪಿಂಗ್‌ಗಿಂತಲೂ ಅದರ ಏರಿಳಿತವೇ ದೊಡ್ಡ ತೊಡಕು: 90 ಮಿಲಿಸೆಕೆಂಡಿನಲ್ಲಿ ಸ್ಥಿರವಾಗಿ ನಿಂತರೆ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ, 40ರಿಂದ 250ಕ್ಕೆ ಜಿಗಿಯುತ್ತಿದ್ದರೆ ಎಷ್ಟು ನುರಿತವರಿಗೂ ಗುರಿ ತಪ್ಪುತ್ತದೆ.

ಗುಡ್ಡಗಳ ನಡುವೆ 5ಜಿ ಸಂಕೇತ ದುರ್ಬಲವಾಗಿದ್ದಲ್ಲಿ ಫೋನು 4ಜಿ ಮತ್ತು 5ಜಿ ನಡುವೆ ಪದೇ ಪದೇ ಬದಲಾಗಿ ಈ ಏರಿಳಿತ ಉಂಟಾಗುವುದರಿಂದ, ಸೆಟ್ಟಿಂಗ್ಸ್‌ನಲ್ಲಿ 4ಜಿ ಮಾತ್ರ ಆಯ್ದುಕೊಂಡು ಆಡಿ ನೋಡಿ. ವೈಫೈ ಇದ್ದವರು ರೂಟರ್ ಇರುವ ಕೋಣೆಯಲ್ಲೇ ಕುಳಿತು ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡ್ ಬಳಸುವುದು ಉತ್ತಮ. ದಪ್ಪ ಮುರಕಲ್ಲಿನ ಗೋಡೆ ದಾಟಬೇಕಾದರೆ 2.4 ಗಿಗಾಹರ್ಟ್ಸ್ ಬ್ಯಾಂಡ್ ಹೆಚ್ಚು ದೂರ ತಲುಪುತ್ತದೆ. ಸರ್ವರ್ ಆಯ್ಕೆ ಇರುವ ಆಟಗಳಲ್ಲಿ ಭಾರತದ್ದನ್ನೋ ಸಿಂಗಾಪುರದ್ದನ್ನೋ ಆರಿಸಿಕೊಳ್ಳಿ.

ಪಿಂಗ್ ಕಡಿಮೆಯೇ ಇದ್ದು ಚಿತ್ರ ಮಾತ್ರ ತಡವರಿಸುತ್ತಿದ್ದರೆ ನೆಟ್‌ವರ್ಕನ್ನು ದೂರಬೇಡಿ. ಚಾರ್ಜಿಗೆ ಹಾಕಿಕೊಂಡು ಆಡುವಾಗ ಫೋನು ಬಿಸಿಯಾಗಿ, ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಮೊದಲೇ ಚಾರ್ಜ್ ಮಾಡಿ, ಹಿಂಬದಿಯ ಕವರ್ ತೆಗೆದು, ಗ್ರಾಫಿಕ್ಸ್ ಒಂದು ಹಂತ ಇಳಿಸಿರಿ. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರುಗಳಲ್ಲಿ ರೂಟರಿಗೊಂದು ಸಣ್ಣ ಯುಪಿಎಸ್ ಇಡುವವರು, ಫೈಬರ್ ಸಂಪರ್ಕದ ಪೆಟ್ಟಿಗೆ ಪ್ರತ್ಯೇಕವಾಗಿದ್ದರೆ ಅದಕ್ಕೂ ವಿದ್ಯುತ್ ಸಿಗುವಂತೆ ನೋಡಿಕೊಳ್ಳಬೇಕು.