ವಿಂಡೋಸ್‌ನಿಂದ ಲಿನಕ್ಸ್‌ಗೆ: ಮೊದಲ ಡಿಸ್ಟ್ರೋ ಆರಿಸಿದ ನನ್ನ ಅನುಭವ

ನನ್ನ ಲ್ಯಾಪ್‌ಟಾಪ್ ಇನ್ನೂ ಗಟ್ಟಿಯಾಗಿತ್ತು. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಒಳ್ಳೇ ಕೀಬೋರ್ಡ್, ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಅದರ ಪ್ರೊಸೆಸರ್ ಇಂಟೆಲ್‌ನ ಏಳನೇ ಜನರೇಶನ್‌ದು. ಒಂದೆರಡು ಮಾಡೆಲ್ ಬಿಟ್ಟರೆ ವಿಂಡೋಸ್ 11 ಕೇಳುವುದು ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಇತ್ತ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಚೆನ್ನಾಗಿ ಓಡುತ್ತಿರುವ ಮೆಷಿನ್ ಅನ್ನು ಮೂಲೆಗೆ ಹಾಕಲು ಮನಸ್ಸಾಗಲಿಲ್ಲ. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಕಡೆ ಹೊರಟೆ.

ಹೊರಟ ಕೂಡಲೇ ಎದುರಾಗುವುದು ಡಿಸ್ಟ್ರೋಗಳ, ಅಂದರೆ ಬೇರೆ ಬೇರೆಯವರು ಸಿದ್ಧಮಾಡಿ ಕೊಡುವ ಲಿನಕ್ಸ್ ರೂಪಗಳ, ಹೆಸರುಗಳ ಸಂತೆ. ಉಬುಂಟು, ಮಿಂಟ್, ಜೋರಿನ್, ಫೆಡೋರಾ, ಡೆಬಿಯನ್, ಮಂಜಾರೋ, ಆರ್ಚ್. ಯಾರನ್ನು ಕೇಳಿದರೂ ತಾವು ಬಳಸುವುದನ್ನೇ ಹೇಳುತ್ತಾರೆ. ಅದು ಸಹಜ. ಆದರೆ ಅವರ ಮೆಷಿನ್ ಬೇರೆ, ನನ್ನದು ಬೇರೆ. ಅವರ ಕೆಲಸವೂ ಬೇರೆ. ಅದಕ್ಕೆ ಹೆಸರುಗಳನ್ನೆಲ್ಲ ಪಕ್ಕಕ್ಕಿಟ್ಟು ನನ್ನ ಕೆಲಸದಿಂದಲೇ ಶುರು ಮಾಡಿದೆ.

ದಿನಾ ಏನೇನು ತೆರೆಯುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಬ್ರೌಸರ್, ಮೇಲ್, ವರ್ಡ್ ಮತ್ತು ಎಕ್ಸೆಲ್ ಫೈಲ್‌ಗಳು, ಪಿಡಿಎಫ್, ಫೋಟೋ ಕತ್ತರಿಸಿ ಬಣ್ಣ ಸರಿಮಾಡುವುದು, ವಿಡಿಯೋ ಕಾಲ್, ಪ್ರಿಂಟ್, ಕನ್ನಡ ಟೈಪಿಂಗ್. ಆಮೇಲೆ ವಿಂಡೋಸ್‌ನಲ್ಲಿ ಇದ್ದುಕೊಂಡೇ ಒಂದೊಂದಾಗಿ ಬದಲಿಸುತ್ತಾ ಹೋದೆ. ಫೈರ್‌ಫಾಕ್ಸ್, ಥಂಡರ್‌ಬರ್ಡ್, ಲಿಬ್ರೆಆಫೀಸ್, ವಿಎಲ್‌ಸಿ, ಗಿಂಪ್ ಇವೆಲ್ಲ ವಿಂಡೋಸ್‌ನಲ್ಲೂ ಓಡುತ್ತವೆ, ಲಿನಕ್ಸ್‌ನಲ್ಲೂ ಓಡುತ್ತವೆ. ಆಪರೇಟಿಂಗ್ ಸಿಸ್ಟಮ್ ಮತ್ತು ತಂತ್ರಾಂಶ ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ತೊಂದರೆ ಬಂತು ಅಂತಲೇ ಗೊತ್ತಾಗುವುದಿಲ್ಲ. ಹೊಸದಾಗಿ ಬರುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ. ಡಿಸ್ಟ್ರೋ ಮಾತು ಆಮೇಲೆ.

ಈ ಹಂತದಲ್ಲೇ ಕೆಲವು ಸಂಗತಿ ಸ್ಪಷ್ಟವಾದವು. ಲಿಬ್ರೆಆಫೀಸ್‌ನಲ್ಲಿ ವರ್ಡ್ ಫೈಲ್ ತೆರೆದಾಗ ಸಾಲುಗಳು ಆಚೀಚೆ ಆಗುವುದಕ್ಕೆ ಎಷ್ಟೋ ಸಲ ಫಾಂಟ್ ಕಾರಣ. ಕ್ಯಾಲಿಬ್ರಿ, ಕೇಂಬ್ರಿಯಾ ಫಾಂಟ್‌ಗಳು ಲಿನಕ್ಸ್ ಜೊತೆ ಬರುವುದಿಲ್ಲ. ಅದೇ ಅಳತೆಯ ಕಾರ್ಲಿಟೋ, ಕ್ಯಾಲಡಿಯಾ ಇದ್ದರೆ ಪುಟಗಳು ಬಹುಮಟ್ಟಿಗೆ ಹಾಗೇ ನಿಲ್ಲುತ್ತವೆ. ಆದರೆ ದೊಡ್ಡ ಮ್ಯಾಕ್ರೋಗಳು, ಅಂದರೆ ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಮ್‌ಗಳು, ಇರುವ ಎಕ್ಸೆಲ್ ಫೈಲ್‌ಗಳ ಮೇಲೆ ಭರವಸೆ ಇಡುವಂತಿಲ್ಲ. ಫೋಟೋಶಾಪ್‌ಗೆ ಲಿನಕ್ಸ್ ಆವೃತ್ತಿಯೇ ಇಲ್ಲ. ಆಟಗಳ ವಿಷಯದಲ್ಲಿ ವಾಲ್ವ್ ಕಂಪನಿ 2018ರಲ್ಲಿ ತಂದ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್‌ನಿಂದ ಆ ಕಂಪನಿಯ ಆಟದ ಅಂಗಡಿ ಸ್ಟೀಮ್‌ನ ಬಹಳಷ್ಟು ಆಟ ನಡೆಯುತ್ತವೆ. ಮೋಸ ತಡೆಯುವ ತಂತ್ರಾಂಶವನ್ನು ವಿಂಡೋಸ್‌ನ ಒಳಗೇ ಕೂರಿಸುವ ಕೆಲವು ಆನ್‌ಲೈನ್ ಆಟ ಮಾತ್ರ ನಡೆಯುವುದಿಲ್ಲ. ಹೊಟ್ಟೆಪಾಡು ಫೋಟೋಶಾಪ್ ಮೇಲೆ ನಿಂತಿದ್ದರೆ ಯಾವ ಡಿಸ್ಟ್ರೋ ಆರಿಸಿದರೂ ಅದು ಬಗೆಹರಿಯುವುದಿಲ್ಲ. ವಿಂಡೋಸ್ ಅನ್ನೂ ಪಕ್ಕದಲ್ಲೇ ಉಳಿಸಿಕೊಳ್ಳುವುದು ವಾಸಿ.

ಇನ್ನು ಡಿಸ್ಟ್ರೋ. ಎಲ್ಲದರ ಒಳಗಿರುವುದೂ ಅದೇ ಲಿನಕ್ಸ್ ಕರ್ನಲ್, ಅಂದರೆ ಹಾರ್ಡ್‌ವೇರ್ ನಡೆಸುವ ತಿರುಳು, 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಹೊಸಬರಿಗೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಮುಖ್ಯವಾಗಿ ಎರಡು. ಅಪ್‌ಡೇಟ್ ಯಾವ ರೀತಿಯಲ್ಲಿ ಬರುತ್ತದೆ, ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಯಾವುದು. ಇಷ್ಟು ತಿಳಿದ ಮೇಲೆ ಪಟ್ಟಿ ತಾನಾಗಿಯೇ ಚಿಕ್ಕದಾಯಿತು.

ಆರ್ಚ್‌ನಂಥವು ರೋಲಿಂಗ್. ಆವೃತ್ತಿ ಅಂತ ಏನಿಲ್ಲ, ಹೊಸದು ಬಂದ ಹಾಗೆಲ್ಲ ಬರುತ್ತಲೇ ಇರುತ್ತದೆ. ಫೆಡೋರಾದಲ್ಲಿ ಹೆಚ್ಚುಕಡಿಮೆ ಆರು ತಿಂಗಳಿಗೊಂದು ಆವೃತ್ತಿ, ಒಂದೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲವಿರುವ ಆವೃತ್ತಿ, ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಉಚಿತ ಅಪ್‌ಡೇಟ್ ಇರುತ್ತದೆ. ನನಗೆ ಬೇಕಾದದ್ದು ಬೆಳಗ್ಗೆ ಎದ್ದು ತೆರೆದರೆ ನಿನ್ನೆಯ ಹಾಗೇ ಇರುವ ಮೆಷಿನ್. ಹಾಗಾಗಿ ಎಲ್‌ಟಿಎಸ್ ಬುಡದ ಮೇಲೆ ನಿಂತವನ್ನೇ ಗಂಭೀರವಾಗಿ ನೋಡಿದೆ. ಮಿಂಟ್‌ನ ಮುಖ್ಯ ಆವೃತ್ತಿ ಮತ್ತು ಜೋರಿನ್ ಎರಡೂ ಉಬುಂಟು ಎಲ್‌ಟಿಎಸ್ ಮೇಲೆಯೇ ಕಟ್ಟಿದವು. ಉಬುಂಟು ಡೆಬಿಯನ್ ಮೇಲೆ ಕಟ್ಟಿದ್ದು. ಹೀಗೆ ಬುಡ ಒಂದೇ ಆಗಿರುವುದರಿಂದ ಒಂದರಲ್ಲಿ ಸಿಗುವ ಡ್ರೈವರ್ ಇನ್ನೊಂದರಲ್ಲೂ ಸಿಗುವುದು ಹೆಚ್ಚು. ಲ್ಯಾಪ್‌ಟಾಪ್ ತೀರಾ ಹೊಸದಾಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಹೊಸ ಹಾರ್ಡ್‌ವೇರ್‌ಗೆ ಹೊಸ ಕರ್ನಲ್ ಬೇಕು, ಅಲ್ಲಿ ಫೆಡೋರಾ ಮುಂದೆ.

ನಂತರದ ಕೆಲಸ ಪೆನ್‌ಡ್ರೈವ್‌ನದು. ಇಷ್ಟೊಂದು ಸಲೀಸಾದ ದಾರಿ ಇದ್ದರೂ ತುಂಬಾ ಜನ ಇದನ್ನು ಬಿಟ್ಟು ನೇರ ಇನ್‌ಸ್ಟಾಲ್‌ಗೆ ಇಳಿಯುತ್ತಾರೆ. ವೆಂಟಾಯ್ ಎಂಬ ಉಚಿತ ತಂತ್ರಾಂಶವನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿದೆ. ಆಮೇಲೆ ಡಿಸ್ಟ್ರೋ ಪೂರ್ತಿ ಒಂದೇ ಫೈಲ್ ಆಗಿ ಸಿಗುವ ಐಎಸ್‌ಓ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಕು. ಬೂಟ್ ಆಗುವಾಗ ಪಟ್ಟಿ ಬರುತ್ತದೆ, ಬೇಕಾದದ್ದನ್ನು ಆರಿಸಬಹುದು. ಇಳಿಸಿಕೊಂಡ ಫೈಲ್ ಸರಿಯಿದೆಯೇ ಅಂತ ಅದರ ಚೆಕ್‌ಸಮ್, ಅಂದರೆ ಫೈಲ್‌ನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಡಿಸ್ಟ್ರೋದ ತಾಣದಲ್ಲಿರುವುದಕ್ಕೆ ಹೋಲಿಸಿ ನೋಡುವುದನ್ನು ಮಾತ್ರ ಬಿಡಬೇಡಿ. ಅರೆಬರೆ ಇಳಿದ ಫೈಲ್‌ನಿಂದ ವಿಚಿತ್ರ ತೊಂದರೆಗಳು ಬರುತ್ತವೆ, ಆಗ ಸುಮ್ಮನೆ ಡಿಸ್ಟ್ರೋ ಮೇಲೆ ತಪ್ಪು ಹೊರಿಸುತ್ತೇವೆ.

ಹೀಗೆ ಬೂಟ್ ಮಾಡಿದಾಗ ಡಿಸ್ಟ್ರೋ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ನಾವಾಗಿ ಇನ್‌ಸ್ಟಾಲ್ ಒತ್ತುವವರೆಗೆ ಡಿಸ್ಕ್‌ನಲ್ಲಿರುವ ವಿಂಡೋಸ್ ಹಾಗೇ ಇರುತ್ತದೆ. ನಾನು ನೋಡಿದ ಕ್ರಮ ಹೀಗೆ. ಮೊದಲು ವೈಫೈ. ಆಮೇಲೆ ಒಂದು ವಿಡಿಯೋ ಹಾಕಿ ಸೌಂಡ್, ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ತಾನಾಗಿ ನಿಲ್ಲುತ್ತದೆಯೇ, ಮೈಕ್‌ನಲ್ಲಿ ಮಾತು ರೆಕಾರ್ಡ್ ಆಗುತ್ತದೆಯೇ. ಕ್ಯಾಮೆರಾ. ಬ್ಲೂಟೂತ್. ಟಚ್‌ಪ್ಯಾಡ್ ಮೇಲೆ ಎರಡು ಬೆರಳಿನ ಸ್ಕ್ರೋಲ್. ಬ್ರೈಟ್‌ನೆಸ್ ಕೀಗಳು. ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿ, ಕೆಲವು ನಿಮಿಷ ಬಿಟ್ಟು ತೆರೆಯುವುದು. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ನಿದ್ದೆಗೆ ಹೋದ ಮೆಷಿನ್ ಏಳದೆ ಸ್ಕ್ರೀನ್ ಕಪ್ಪಾಗಿಯೇ ಉಳಿದರೆ ಅದು ದಿನಾ ಕಾಡುವ ತೊಂದರೆ. ನಾನು ನೋಡಿದ ಒಂದು ಡಿಸ್ಟ್ರೋದಲ್ಲಿ ಹಾಗೇ ಆಯಿತು, ಅಲ್ಲಿಗೇ ಅದನ್ನು ಪಟ್ಟಿಯಿಂದ ತೆಗೆದೆ. ಇನ್ನೊಂದರಲ್ಲಿ ವೈಫೈ ಕಾಣಲೇ ಇಲ್ಲ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಫೋನಿನ ನೆಟ್ ಹಂಚುವ ಟೆದರಿಂಗ್ ಆನ್ ಮಾಡಿದೆ, ನೆಟ್ ಬಂತು, ಡ್ರೈವರ್ ಹಾಕಿದ ಮೇಲೆ ವೈಫೈ ಕೂಡ ಬಂತು. ಇಂಥದ್ದಕ್ಕೆ ಹೆದರಬೇಕಿಲ್ಲ. ವೇಗವನ್ನು ಮಾತ್ರ ಪೆನ್‌ಡ್ರೈವ್‌ನಲ್ಲಿ ಅಳೆಯಬೇಡಿ, ಅದು ಎಸ್‌ಎಸ್‌ಡಿಗಿಂತ ತುಂಬಾ ನಿಧಾನ.

ಕನ್ನಡ ಟೈಪಿಂಗ್ ಅನ್ನೂ ಆಗಲೇ ನೋಡಿದೆ. ಮಿಂಟ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ಸ್‌ಗೆ ಹೋಗಿ ಕನ್ನಡದ ಕಗಪ ಲೇಔಟ್ ಸೇರಿಸಬಹುದು. ಅದು ಕೈಗೆ ಕೂರದಿದ್ದರೆ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಎಂಬ ತಂತ್ರಾಂಶದ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿಕೊಳ್ಳಬಹುದು. ಅಲ್ಲಿ ಕಗಪ, ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎಲ್ಲ ಸಿಗುತ್ತವೆ. ನನ್ನ ಹತ್ತಿರ ಹಳೇ ನುಡಿ ಫಾಂಟ್‌ನ ಫೈಲ್‌ಗಳಿದ್ದವು. ಅವು ಯುನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಕಡೆ ಬರೀ ಅಡ್ಡಾದಿಡ್ಡಿ ಚಿಹ್ನೆಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನೆಲ್ಲ ಯುನಿಕೋಡ್‌ಗೆ ಬದಲಿಸಿಟ್ಟೆ.

ಕೊನೆಗೆ ನನಗೆ ಹಿಡಿಸಿದ್ದು ಸಿನಮನ್ ಎಂಬ ಡೆಸ್ಕ್‌ಟಾಪ್ ಇರುವ ಮಿಂಟ್ ಆವೃತ್ತಿ. ಕೆಳಗೆ ಒಂದು ಪಟ್ಟಿ, ಎಡಗಡೆ ಮೆನು, ಬಲಗಡೆ ಗಡಿಯಾರ. ಕೈಗೆ ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ. ಉಬುಂಟುವಿನಲ್ಲಿರುವ ಗ್ನೋಮ್ ಡೆಸ್ಕ್‌ಟಾಪ್ ಅಚ್ಚುಕಟ್ಟಾಗಿದೆ, ಆದರೆ ಕೆಲಸ ಮಾಡುವ ರೀತಿಯೇ ಬೇರೆ. ಅದನ್ನು ಕಲಿಯುವ ಉತ್ಸಾಹ ಇರುವವರಿಗೆ ಅದು ಚೆನ್ನ. ಜೋರಿನ್ ಕೂಡ ನನ್ನ ಮನಸ್ಸಿಗೆ ಬಹಳ ಹತ್ತಿರ ಬಂದಿತ್ತು, ಅದರಲ್ಲಿ ವಿಂಡೋಸ್‌ನ ಹಾಗೆ ಕಾಣುವ ಲೇಔಟ್ ಒಂದೇ ಕ್ಲಿಕ್‌ನಲ್ಲಿ ಸಿಗುತ್ತದೆ. ಮಿಂಟ್ ಕಡೆ ವಾಲಿದ್ದಕ್ಕೆ ಕಾರಣ ಅದರ ಚಿಕ್ಕಪುಟ್ಟ ಸಲಕರಣೆಗಳು. ಅಪ್‌ಡೇಟ್ ಮ್ಯಾನೇಜರ್ ಏನು ಬದಲಾಗುತ್ತದೆ ಎಂದು ತೋರಿಸಿ ನಮ್ಮ ಒಪ್ಪಿಗೆ ಕೇಳುತ್ತದೆ. ಡ್ರೈವರ್ ಮ್ಯಾನೇಜರ್ ಎನ್‌ವಿಡಿಯಾ ಕಾರ್ಡ್‌ಗೂ ವೈಫೈಗೂ ಬೇಕಾದ ಡ್ರೈವರ್ ಹುಡುಕಿಕೊಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಒಂದು ಚೌಕಕ್ಕೆ ಟಿಕ್ ಹಾಕಿದರೆ ಆಡಿಯೋ, ವಿಡಿಯೋ ಫೈಲ್ ಓಡಿಸಲು ಬೇಕಾದ ಕೋಡೆಕ್‌ಗಳೂ ಬಂದುಬಿಡುತ್ತವೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ಅಕ್ಕನ ಲ್ಯಾಪ್‌ಟಾಪ್ ಇನ್ನೂ ಹಳೆಯದು, 4 ಜಿಬಿ ರ‍್ಯಾಮ್. ಅದಕ್ಕೆ ಅದೇ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಸಿನಮನ್‌ನಷ್ಟು ನಯ ಇಲ್ಲ, ಆದರೆ ಹಗುರ. ಕೊಟ್ಟ ದಿನ ‘ಇದರಲ್ಲಿ ಬ್ರೌಸರ್ ಎಲ್ಲೋ?’ ಅಂತ ಕೇಳಿದಳು. ಮೆನು ತೋರಿಸಿದೆ, ಆಮೇಲೆ ಅವಳ ಪಾಡಿಗೆ ಅವಳು ಕೆಲಸ ಮಾಡಿಕೊಂಡಳು. ಒಂದು ಎಚ್ಚರಿಕೆ: ಬ್ರೌಸರ್‌ನಲ್ಲಿ ತುಂಬಾ ಟ್ಯಾಬ್ ತೆರೆದರೆ 4 ಜಿಬಿ ಯಾವ ಡೆಸ್ಕ್‌ಟಾಪ್‌ನಲ್ಲೂ ಸಾಲುವುದಿಲ್ಲ.

ಇನ್‌ಸ್ಟಾಲ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಹೋದರೆ ಮುಗಿಯುತ್ತದೆ. ಅದಕ್ಕೆ ಮುಂಚಿನ ಸಿದ್ಧತೆಯೇ ಮುಖ್ಯ. ಫೈಲ್‌ಗಳ ಬ್ಯಾಕಪ್ ಬೇರೊಂದು ಡಿಸ್ಕ್‌ನಲ್ಲಿ ಇರಲೇಬೇಕು. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಎಷ್ಟೋ ಮೆಷಿನ್‌ಗಳಲ್ಲಿ ಅದು ಆನ್ ಇರುವುದೇ ಯಾರಿಗೂ ಗೊತ್ತಿರುವುದಿಲ್ಲ. ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವುದಾದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಲಿನಕ್ಸ್‌ನಿಂದ ಆ ಪಾರ್ಟಿಶನ್‌ಗೆ ಏನನ್ನೂ ಬರೆಯಲು ಆಗದೆ ಹೋಗಬಹುದು. ಎರಡರ ನಡುವೆ ಓಡಾಡುವಾಗ ಗಡಿಯಾರ ತಪ್ಪು ತೋರಿಸಿದರೆ ಗಾಬರಿ ಬೇಡ. ಮೆಷಿನ್‌ನ ಒಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ, ಅಂದುಕೊಳ್ಳುತ್ತದೆ. ಲಿನಕ್ಸ್‌ಗೂ ಸ್ಥಳೀಯ ಸಮಯ ಅಂತ ಹೇಳಿಕೊಟ್ಟರೆ ಸರಿಹೋಗುತ್ತದೆ.

ಹೊಸ ಡೆಸ್ಕ್‌ಟಾಪ್ ಬಂದ ಕೂಡಲೇ ನಾನು ಮಾಡಿದ್ದು ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ಎಂಬ ತಂತ್ರಾಂಶ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದದ್ದು. ಅದು ಸಿಸ್ಟಮ್ ಫೈಲ್‌ಗಳ ನಕಲು. ಮುಂದೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಬರಬಹುದು. ನಮ್ಮ ಸ್ವಂತ ಫೈಲ್‌ಗಳು ಅದರಲ್ಲಿ ಸೇರುವುದಿಲ್ಲ, ಅವಕ್ಕೆ ಬ್ಯಾಕಪ್ ಬೇರೆಯೇ ಬೇಕು. ಇದು ಇದ್ದ ಧೈರ್ಯಕ್ಕೇ ಸೆಟ್ಟಿಂಗ್ಸ್‌ಗಳ ಒಳಹೊಕ್ಕು ಎಲ್ಲವನ್ನೂ ಒತ್ತಿ ನೋಡಿದೆ.

ಎಲ್ಲಾದರೂ ಸಿಕ್ಕಿಕೊಂಡರೆ ಹುಡುಕುವಾಗ ಮಿಂಟ್ 22 ಎಂದು ಹಾಕಿ. ಉತ್ತರ ಸಿಗದಿದ್ದರೆ ಉಬುಂಟು 24.04 ಎಂದು ಹಾಕಿ, ಬುಡ ಅದೇ ಆದ್ದರಿಂದ ಬಹಳಷ್ಟು ಉತ್ತರ ಹೊಂದುತ್ತವೆ. ಯಾರನ್ನಾದರೂ ಕೇಳುವಾಗ ಸಿಸ್ಟಮ್ ಇನ್ಫರ್ಮೇಶನ್ ಕಿಟಕಿಯಲ್ಲಿರುವುದನ್ನು ಕಾಪಿ ಮಾಡಿ ಜೊತೆಗೆ ಕೊಡಿ. ವೈಫೈ ಚಿಪ್ ಯಾವುದು, ಕರ್ನಲ್ ಯಾವುದು ಅಂತ ಅವರು ತಿರುಗಿ ಕೇಳುವುದು ತಪ್ಪುತ್ತದೆ. ಸಿಕ್ಕಿದ ಕಮ್ಯಾಂಡ್ ಅನ್ನು ಟರ್ಮಿನಲ್‌ಗೆ, ಅಂದರೆ ಕಮ್ಯಾಂಡ್ ಬರೆಯುವ ಕಿಟಕಿಗೆ, ಅಂಟಿಸುವ ಮೊದಲು ಅದು ಏನು ಮಾಡುತ್ತದೆ ಅಂತ ಓದಿಕೊಳ್ಳಿ, ಅದರಲ್ಲೂ ಶುರುವಿನಲ್ಲಿ ಇಡೀ ಸಿಸ್ಟಮ್ ಬದಲಿಸುವ ಅಧಿಕಾರ ಕೊಡುವ ಸುಡೋ ಇದ್ದರೆ.