ಕುರ್ರತುಲ್‌ಐನ್ ಹೈದರ್: ನಾನು ಓದ್ಕೊಂಡ ರೀತಿ

ಉರ್ದು ಲಿಪಿ ಬರಲ್ಲ ಅಂತ ಉರ್ದು ಲೇಖಕಿ ಕುರ್ರತುಲ್‌ಐನ್ ಹೈದರ್ ಅವರನ್ನ ಓದೋದನ್ನ ಮುಂದಕ್ಕೆ ಹಾಕ್ತಾ ಇರೋರಿಗೆ ಇದು, ಯಾಕಂದ್ರೆ ನನಗೂ ಬರಲ್ಲ. ಇವರ ದೊಡ್ಡ ಕಾದಂಬರಿ 'ಆಗ್ ಕಾ ದರಿಯಾ' ದೇವನಾಗರಿಲಿ ಸಿಗುತ್ತೆ, ಹಿಂದಿ ಓದೋಕೆ ಬಂದ್ರೆ ಸಾಕು, ತಡೆದಾಗ ನೋಡೋಕೆ ಫೋನಲ್ಲಿ ರೇಖ್ತಾ ಅನ್ನೋ ಉರ್ದು ಡಿಕ್ಷನರಿ ಓಪನ್ ಇಟ್ಕೊಂಡಿದ್ದೆ.

ನೇರ ಅದಕ್ಕೇ ಕೈ ಹಾಕ್ಲಿಲ್ಲ. ಮೊದಲು 'ಸೀತಾ ಹರಣ್' ಓದ್ದೆ, ಚಿಕ್ಕದು, ವಿಭಜನೇಲಿ ಸಿಂಧ್ ಕಳ್ಕೊಂಡ ಸೀತಾ ಮೀರ್‌ಚಂದಾನಿ ಕಥೆ. ಇವರ ವಾಕ್ಯದ ಓಟಕ್ಕೆ ಅಲ್ಲೇ ಅಭ್ಯಾಸ ಆಯ್ತು.

'ಆಗ್ ಕಾ ದರಿಯಾ' ಬಂದಿದ್ದು 1959ರಲ್ಲಿ, ಮೌರ್ಯರ ಕಾಲದಿಂದ ವಿಭಜನೆ ಆದ್ಮೇಲಿನವರೆಗೂ ಹರಿಯುತ್ತೆ, ಗೌತಮ, ಚಂಪಾ, ಕಮಾಲ್, ಹರಿಶಂಕರ್ ಅನ್ನೋ ಹೆಸರುಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಆಗಿ ಬರ್ತಾವೆ. ಒಂದು ದೊಡ್ಡ ಶೀಟಲ್ಲಿ ಎಡಕ್ಕೆ ಹೆಸರು, ಮೇಲೆ ಕಾಲ ಅಂತ ಗೆರೆ ಹಾಕ್ಕೊಂಡು ತುಂಬಿಸ್ತಾ ಹೋದೆ. ಚಂಪಾ ಸಾಲು ತುಂಬಿದ ಮೇಲೆ ಪುಸ್ತಕಾನೇ ಬೇರೆ ಥರ ಕಾಣೋಕೆ ಶುರುವಾಯ್ತು: ಮೊದಲು ಚಂಪಕ, ಆಮೇಲೆ ಲಖ್ನೋದ ತವಾಯಫ್ (ಹಾಡು ಕುಣಿತದ ಗಣಿಕೆ) ಚಂಪಾ ಜಾನ್, ಕೊನೆಗೆ ಕಾಲೇಜು ಓದಿದ ಚಂಪಾ ಅಹ್ಮದ್. ಗಂಡಸರು ಕಾಲ ಕಾಲಕ್ಕೂ ಎದ್ದು ಎಲ್ಲೋ ಹೊರಟುಬಿಡ್ತಾರೆ, ಇವಳ ಪಾಲಿಗೆ ಕಾಯೋದು. ಪುನರ್ಜನ್ಮ ಅದೂ ಇದೂ ಅಂತ ತಲೆ ಕೆಡಿಸ್ಕೋಬೇಡಿ.

ಮೊದಲ ಭಾಗದ ಬೌದ್ಧ ತತ್ವಚರ್ಚೆ ನಾನು ಬೇಗ ಬೇಗ ದಾಟಿದೆ, ನನ್ನ ಪ್ರಕಾರ ಇವರ ನಿಜವಾದ ತಾಕತ್ತು 1940ರ ದಶಕದ ಲಖ್ನೋ ಹುಡುಗ ಹುಡುಗೀರ ಹರಟೇಲಿದೆ. ಇವರ ಇಂಥಾ ಶ್ರೀಮಂತ ಮಂದೀನ ಇನ್ನೊಬ್ಬ ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ 'ಪೋಮ್ ಪೋಮ್ ಡಾರ್ಲಿಂಗ್' ಅಂತ ಲೇಖನ ಬರೆದು ಆಡ್ಕೊಂಡಿದ್ರು, ಓದಿ ನಗು ಬರುತ್ತೆ ಆದ್ರೆ ನಾನು ಒಪ್ಪಲ್ಲ. ಈ ಕಾದಂಬರಿಯ ಇಂಗ್ಲಿಷ್ ರೂಪ ಹೈದರ್ ಅವರೇ 1998ರಲ್ಲಿ ತಂದ್ರು, ಸುಮಾರು ಕತ್ತರಿಸಿ ಬದಲಾಯಿಸಿದಾರೆ, ಹಾಗಾಗಿ ಸಾಲಿಗೆ ಸಾಲು ಹೊಂದಿಸೋಕೆ ಹೋಗ್ಲಿಲ್ಲ, ಕಥೆ ಎಲ್ಲಿದೆ ಅಂತ ಗೊತ್ತಾಗದಾಗ ಮಾತ್ರ ತೆಗೆದು ನೋಡ್ತಿದ್ದೆ.

ಕೊನೇಲಿ ಕಮಾಲ್ ಇಂಗ್ಲೆಂಡಿಂದ ಊರಿಗೆ ಬರ್ತಾನೆ, ಮನೆ ಉಳಿದಿರಲ್ಲ, ಪಾಕಿಸ್ತಾನಕ್ಕೆ ಹೋಗ್ತಾನೆ. ಹೈದರ್ ಅವರು ಮಾಡಿದ್ದು ಉಲ್ಟಾ, 1947ರಲ್ಲಿ ಅಲ್ಲಿಗೆ ಹೋಗಿ ಆಮೇಲೆ ಭಾರತಕ್ಕೆ ವಾಪಸ್ ಬಂದು ಬಾಂಬೆಲಿ ಇಲಸ್ಟ್ರೇಟೆಡ್ ವೀಕ್ಲಿ ಪತ್ರಿಕೇಲಿ ಕೆಲಸ ಮಾಡಿದ್ರು. 1989ರ ಜ್ಞಾನಪೀಠ ಇವರದ್ದು, ಅದರ ಮುಂದಿನದ್ದೇ ನಮ್ಮ ಗೋಕಾಕರದ್ದು. ಈಗ 'ಆಖಿರ್-ಎ-ಶಬ್ ಕೆ ಹಮ್‌ಸಫರ್' ಹಿಡಿದಿದೀನಿ, ಬಂಗಾಳದ ಕ್ರಾಂತಿಕಾರಿಗಳ ಕಥೆ, ಇದಕ್ಕೆ ಶೀಟು ಇನ್ನೂ ಬೇಕಾಗಿಲ್ಲ.